ಹದಿನೈದರಿಂದ ಮೂವತ್ತೊಂದರೊಳಗಿನ ಅಳಿಯ

ಹೊರಟ ಬಸ್ಸಿನ ಪಕ್ಕದಲ್ಲೇ ಓಡುತ್ತಿದ್ದ ಮುರುಗೇಶಪ್ಪ, ಫುಟ್‌ಬೋರ್ಡಿನ ಮೇಲೆ ನಿಂತವನ ಅಂಗಿಯನ್ನು ಇನ್ನೂ ಬಿಟ್ಟಿರಲಿಲ್ಲ.

“ಹೌದು, ಇಲ್ಲ, ಎರಡರಾಗೆ ಒಂದು ಹೇಳಿಬಿಡ್ರಿ. ದನದ ಡಾಕ್ಟ್ರು ಸತೀಶ್ ಕುಮಾರ್ ಒಳ್ಳೆ ಮನುಷ್ಯನಾ?”

“ಅಂಗಿ ಬಿಡ್ರೀ.”

“ಅಂಗಿ ವಿಷಯ ಆಮ್ಯಾಲೆ. ಹೌದೋ, ಇಲ್ಲೋ?”

“ನೀವು ಯಾವ ಆಫೀಸ್ನೋರು?”

“ಮೇಲಿನೋರು ಅಂತ ತಿಳ್ಕೊಳ್ರಿ.”

ಫುಟ್‌ಬೋರ್ಡಿನವನ ಮುಖ ಗಂಭೀರವಾಯಿತು. ಅವನು ಎಡಕ್ಕೂ ಬಲಕ್ಕೂ ನೋಡಿ, ದನಿ ತಗ್ಗಿಸಿ, ಬಸ್ಸಿನ ಗದ್ದಲದಲ್ಲಿ ಕೇಳಿಸುವುದಿಲ್ಲವೆಂದು ಹೊಳೆದು, ಮತ್ತೆ ಏರಿಸಿ ಹೇಳಿದ. “ಹಂಗಾರೆ ಇಲ್ಲ ಅಂತ ಬರ್ಕೊಳ್ರಿ. ಬಾಳ ಕೆಟ್ಟೋನು. ಫೋನ್ ಮಾಡಿದ್ರೆ ಸಾಕು, ಬಂದೇಬಿಡ್ತಾನೆ. ತಾನು ಉಂಡೀನೋ ಬಿಟ್ಟೀನೋ ಅಂತ್ಲೂ ನೋಡಲ್ಲ.”

ಬಸ್ಸು ದಾವಣಗೆರೆ ರಸ್ತೆಗೆ ತಿರುಗಿತು. ಮುರುಗೇಶಪ್ಪನ ಮುಷ್ಟಿಯಲ್ಲಿ ಒಂದು ಗುಂಡಿ ಉಳಿಯಿತು. ಅದನ್ನು ಜೇಬಿಗೆ ಹಾಕಿಕೊಂಡು, ಪ್ಯಾಡಿನ ಮೇಲಿನ ಹಾಳೆಯಲ್ಲಿ ‘ಇಲ್ಲ’ದ ಕೆಳಗೆ ಒಂದು ಗೆರೆ ಎಳೆದು, ಪಕ್ಕದಲ್ಲಿ ‘ಊಟದ ಶಿಸ್ತು ಇಲ್ಲ’ ಎಂದು ಬರೆದ.

“ಮುಂದಿನ ಬಸ್ ಬಂತು ಮುರುಗೇಶಣ್ಣ,” ಎಂದು ಗೋಣೆಪ್ಪ ಕೂಗಿದ. ಗೋಣೆಪ್ಪ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತನಾದವನು, ಮುರುಗೇಶಪ್ಪನ ನೆರೆಮನೆಯವನು. ನಿಲ್ದಾಣಕ್ಕೆ ಬಂದುಹೋಗುವ ಜನರಲ್ಲಿ ಪ್ರತಿ ಏಳನೆಯವರನ್ನು ಹಿಡಿದುಕೊಡುವುದು ಅವನ ಕೆಲಸ. ಏಳನೆಯವರು ಯಾರೇ ಆಗಲಿ, ಸೀಟಿ ಊದಿ ನಿಲ್ಲಿಸುತ್ತಿದ್ದ. ಜಗಳೂರಿನ ಬಸ್ ನಿಲ್ದಾಣದಲ್ಲಿ ಆ ದಿನ ಎರಡು ಬಸ್ಸುಗಳು ಅವನ ಸೀಟಿ ಕೇಳಿ ಹೊತ್ತಿಗೆ ಮೊದಲೇ ಹೊರಟುಹೋದವು.

ಮುರುಗೇಶಪ್ಪನಿಗೆ ಹೊನ್ನಾಳಿಯಲ್ಲಿ, ಮನೆಯ ಮುಂಭಾಗದಲ್ಲೇ, ಪೈಪು ಮತ್ತು ಮೋಟಾರಿನ ಅಂಗಡಿ. ಮಗಳು ಮೇಘಶ್ರೀ ನ್ಯಾಮತಿಯ ಒಂದು ಪಿಯು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಾಳೆ. ಅವಳನ್ನು ನೋಡಲು ಜಗಳೂರಿನ ಪಶುವೈದ್ಯ ಸತೀಶ್ ಕುಮಾರ್ ಬಂದಿದ್ದ. ನೋಡುವ ಶಾಸ್ತ್ರ ಈ ಸಂಬಂಧ ತಂದಿದ್ದ ಚನ್ನಗಿರಿಯ ಚಿಕ್ಕಮ್ಮನ ಮನೆಯಲ್ಲಿ ನಡೆದಿತ್ತು. “ಹುಡುಗನ್ನ ಏನಾದ್ರೂ ಕೇಳೋದಿದ್ರೆ ಕೇಳಮ್ಮ,” ಎಂದು ಹಿರಿಯರು ಹೇಳಿದಾಗ, ಮೇಘಶ್ರೀ ಕೇಳಿದ್ದು ಒಂದೇ ಪ್ರಶ್ನೆ. “ಎಮ್ಮೆ ಒದ್ದರೆ ಏನು ಮಾಡ್ತೀರಿ?”

“ಪಕ್ಕಕ್ಕೆ ಸರೀತೀನಿ,” ಎಂದಿದ್ದ ಸತೀಶ್ ಕುಮಾರ್.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ತಾಯಿ ಹೇಮಾವತಿಗೆ “ನನಗೆ ಒಪ್ಪಿಗೆ” ಎಂದಳು. ಸಂಜೆ ಮಳೆ ಬರುತ್ತದೆಯೇ ಎಂದು ಕೇಳಿದರೂ ಹೆಚ್ಚುಕಡಿಮೆ ಸೇರಿಸಿ ಉತ್ತರಿಸುವ ಹುಡುಗಿ ಅವಳು. ಅವಳ ಬಾಯಿಂದ ಬಂದ ಹೆಚ್ಚುಕಡಿಮೆಯಿಲ್ಲದ ಮೊದಲ ಮಾತು ಅದು ಎಂದು ಹೇಮಾವತಿ ಗಮನಿಸಿದಳು. ಮುರುಗೇಶಪ್ಪ ಕಿಟಕಿ ಪಕ್ಕ ನಿದ್ದೆ ಮಾಡುತ್ತಿದ್ದ.

ಉಳಿದದ್ದು ವಿಚಾರಣೆ. ಗಂಡಿನ ಊರಿಗೆ ಹೋಗಿ, ಚಹಾದಂಗಡಿಯಲ್ಲಿ ಕೂತು, ಹುಡುಗ ಹೇಗೆ ಎಂದು ಕೇಳಿಕೊಂಡು ಬರುವುದು ನಮ್ಮ ಕಡೆಯ ರೂಢಿ. ಈ ರೂಢಿಯಲ್ಲಿ ಒಂದು ದೋಷವಿದೆ. ಮದುವೆಯ ವಿಷಯ ಎಂದು ಗೊತ್ತಾದ ಕೂಡಲೇ ಯಾರೂ ನಿಜ ಹೇಳುವುದಿಲ್ಲ. ಆಗುವ ಸಂಬಂಧಕ್ಕೆ ಕಲ್ಲು ಹಾಕಿದ ಪಾಪ ಯಾರಿಗೆ ಬೇಕು? ಮುರುಗೇಶಪ್ಪನ ತಮ್ಮನ ಮಗಳ ವಿಷಯದಲ್ಲಿ ಹೀಗೆಯೇ ಆಗಿತ್ತು. ಚಹಾದಂಗಡಿಯವನು “ಬಂಗಾರದಂಥ ಹುಡುಗ” ಎಂದ. ಮದುವೆಯ ದಿನ ನೋಡಿದರೆ ಆ ಚಹಾದಂಗಡಿಯವನು ಹುಡುಗನ ಸೋದರಮಾವನಾಗಿ ವೇದಿಕೆಯ ಮೇಲೆ ನಿಂತಿದ್ದ.

ಹಾಗಾಗಿ, ಒಂದು ಭಾನುವಾರ ಮೇಘಶ್ರೀ ಅಡುಗೆಮನೆಯ ಬಾಗಿಲಲ್ಲಿ ಕೂತು ಸೋಮವಾರದ ಪಾಠವನ್ನು ತಾಯಿಗೆ ಒಪ್ಪಿಸುತ್ತಿದ್ದಾಗ ಮುರುಗೇಶಪ್ಪ ಕಿವಿ ನಿಮಿರಿಸಿದ.

“ಅನ್ನ ಬೆಂದೈತೋ ಇಲ್ಲೋ ಅಂತ ನೀನು ಇಡೀ ಪಾತ್ರೆ ತಿಂದು ನೋಡ್ತೀಯೇನಮ್ಮ? ಸೌಟಿನಾಗೆ ತಿರುವಿ ನಾಲ್ಕು ಅಗುಳು ಹಿಸುಕ್ತೀಯ. ಊರಿನ ವಿಷಯಾನೂ ಅಷ್ಟೇ. ನೂರು ಮಂದಿನ ಕೇಳಿದ್ರೆ ಸಾಕು, ಇಡೀ ಊರಾಗೆ ಎಷ್ಟು ಮಂದಿ ಹೌದು ಅಂತಾರೆ ಅನ್ನೋದು ಇಷ್ಟರಿಂದ ಇಷ್ಟರೊಳಗೆ ಐತೆ ಅಂತ ತೊಂಬತ್ತೈದು ಪರ್ಸೆಂಟ್ ವಿಶ್ವಾಸದಿಂದ ಹೇಳಬಹುದು. ಅದಕ್ಕೆ ವಿಶ್ವಾಸಾಂತರ ಅಂತಾರೆ.”

ಹೇಮಾವತಿ ಅಗುಳು ಹಿಸುಕಿ, “ಇನ್ನೂ ಬೆಂದಿಲ್ಲ,” ಎಂದಳು. ಅಷ್ಟು ಹೊತ್ತಿಗೆ ಮುರುಗೇಶಪ್ಪ ಇಸ್ತ್ರಿ ಅಂಗಿಗಾಗಿ ಬೀರು ತೆಗೆದಿದ್ದ. ಮದುವೆಯ ಸುದ್ದಿ ಎತ್ತಬಾರದು, ಒಬ್ಬರನ್ನಲ್ಲ ನೂರು ಮಂದಿಯನ್ನು ಕೇಳಬೇಕು. ಪಿತೃತ್ವದ ಇತಿಹಾಸದಲ್ಲಿ ಇದು ಮೊದಲ ವೈಜ್ಞಾನಿಕ ವಿಚಾರಣೆ ಎಂದು ಅವನಿಗೆ ಅನ್ನಿಸಿತು. ಜೇಬಿನಲ್ಲಿ ಎರಡು ಪೆನ್ನು ಸಿಕ್ಕಿಸಿಕೊಂಡ.

ತಪ್ಪು ನಡೆದದ್ದು ಆ ಎರಡನೆಯ ಪೆನ್ನಿನಿಂದ. ಒಂದು ಪೆನ್ನು ಇಟ್ಟುಕೊಂಡವನು ಯಾರಾದರೂ ಆಗಿರಬಹುದು. ಎರಡು ಪೆನ್ನಿನವನು ಇಲಾಖೆಯವನು.

ಸಂಜೆಯ ಹೊತ್ತಿಗೆ ನೂರು ಮಂದಿ ಮುಗಿದರು. ಜನ ವಿಚಿತ್ರವಾದ ದೋಷಗಳನ್ನು ಹೇಳಿದ್ದರು. ಒಬ್ಬ “ಎಮ್ಮೆ ಜತೆ ಮಾತಾಡ್ತಾನ್ರೀ, ಮನುಷ್ಯರ ಥರ” ಎಂದ. ಇನ್ನೊಬ್ಬ “ಕೊಟ್ಟದ್ದು ಇಸ್ಕೊಳ್ಳಲ್ಲ, ಬಾಳ ಸೊಕ್ಕು” ಎಂದ. ದುರುಗಮ್ಮ ಎಂಬ ಮುದುಕಿ, ಎಮ್ಮೆಯ ಹಗ್ಗ ಕೈಯಲ್ಲೇ ಹಿಡಿದು, ಮುರುಗೇಶಪ್ಪನ ಪೆನ್ನುಗಳನ್ನು ಎರಡೆರಡು ಸಲ ನೋಡಿ, “ಅಯೋಗ್ಯ, ಅಯೋಗ್ಯ ಅಂತ ದೊಡ್ಡಕ್ಷರದಾಗೆ ಬರಿಯಪ್ಪ,” ಎಂದಳು. ಹೌದು ಎಂದವರು ಇಪ್ಪತ್ತಮೂರು ಮಂದಿ. ಅವರಲ್ಲಿ ಒಬ್ಬ, ಪಕ್ಕದ ಹಳ್ಳಿಯಲ್ಲಿ ದನಗಳಿಗೆ ನಾಟಿ ಔಷಧ ಮಾರುವವನು, “ದೇವರಂಥೋನ್ರೀ. ಇವತ್ತೇ ಕರ್ಕೊಂಡು ಹೋಗ್ತೀರಾ? ಗಾಡಿ ನಾನು ಕೊಡ್ತೀನಿ,” ಎಂದ. ಮುರುಗೇಶಪ್ಪ ‘ಹೌದು’ ಎಂಬುದರ ಕೆಳಗೆ ಗೆರೆ ಎಳೆದ.

ಮನೆಗೆ ಬಂದವನೇ ಮಗಳನ್ನು ಕೇಳಿದ. “ನೂರರಾಗೆ ಇಪ್ಪತ್ಮೂರು ಸರಿ ಬಂದ್ರೆ ಅಂತರ ಎಷ್ಟಮ್ಮ?”

ಮೇಘಶ್ರೀ ಉತ್ತರಪತ್ರಿಕೆ ತಿದ್ದುತ್ತಿದ್ದಳು. ತಲೆ ಎತ್ತದೆ ಅಂಚಿನಲ್ಲೇ ಲೆಕ್ಕ ಹಾಕಿದಳು. “ಹದಿನೈದರಿಂದ ಮೂವತ್ತೊಂದು ಪರ್ಸೆಂಟ್. ಯಾವ ಕಂಪನಿ ಪೈಪು ಅಪ್ಪಾಜಿ? ಇಷ್ಟು ಕಳಪೆ ಇದ್ರೆ ಇಡೀ ಲೋಡ್ ವಾಪಸ್ ಕಳಿಸಿಬಿಡ್ರಿ.”

“ನಾನೂ ಅದನ್ನೇ ಅಂದ್ಕೊಂಡೆ. ಅದು ಪೈಪಲ್ಲ. ಜಗಳೂರಿನ ಹುಡುಗ.”

ಅವಳ ಕೆಂಪು ಪೆನ್ನು ಯಾರದೋ ಉತ್ತರದ ಮೇಲೆ ಉದ್ದಕ್ಕೆ ಹರಿದುಹೋಯಿತು.

“ಮೂವತ್ತೈದಕ್ಕೆ ಪಾಸು,” ಎಂದು ಮುರುಗೇಶಪ್ಪ ಹೇಳಿದ. “ಹುಡುಗನ ಮೇಲಿನ ತುದೀನೂ ಫೇಲು, ಕೆಳಗಿನ ತುದೀನೂ ಫೇಲು. ನಾಳೆ ಚನ್ನಗಿರಿಗೆ ಫೋನ್ ಮಾಡಿ, ಸಂಬಂಧ ಆಗಲ್ಲ ಅಂತ ಹೇಳ್ತೀನಿ.”

“ಮೇಲಿನ ತುದಿಗೆ ನಾಲ್ಕು ಗ್ರೇಸ್ ಮಾರ್ಕ್ಸ್ ಹಾಕ್ರಿ,” ಎಂದಳು ಹೇಮಾವತಿ. “ಮೂವತ್ತೈದು ಆಯ್ತಲ್ಲ.”

“ಅಳಿಯನ್ನ ಗ್ರೇಸ್ ಮ್ಯಾಲೆ ಪಾಸ್ ಮಾಡಾಕೆ ಬರಲ್ಲ ಕಣೇ.”

“ಯಾಕೆ ಬರಲ್ಲ? ನಮ್ಮಪ್ಪ ಮಾಡ್ಲಿಲ್ವಾ?”

ಮೇಘಶ್ರೀ ಎದ್ದು ನಿಂತಳು. “ಅಪ್ಪಾಜಿ, ಅದು ಆತನ ಮಾರ್ಕ್ಸ್ ಅಲ್ಲ. ಊರಾಗೆ ಎಷ್ಟು ಮಂದಿ ಹೌದು ಅಂತಾರೆ ಅನ್ನೋದರ ಅಂದಾಜು, ಅಷ್ಟೇ. ತೊಂಬತ್ತೈದು ಅನ್ನೋದು ಹುಡುಗನ ಮೇಲಿನ ವಿಶ್ವಾಸಾನೂ ಅಲ್ಲ, ವಿಧಾನದ ಮೇಲಿಂದು. ಇದೇ ಥರ ನೂರು ಸಲ ಬ್ಯಾರೆ ಬ್ಯಾರೆ ನೂರು ಮಂದಿನ ಕೇಳಿದ್ರೆ ನೂರು ಅಂತರ ಬರ್ತವೆ. ಅವುಗಳಾಗೆ ಸುಮಾರು ತೊಂಬತ್ತೈದು, ನಿಜವಾದ ಅಂಕಿನ ಒಳಗಿಟ್ಕೊಂಡಿರ್ತವೆ. ಉಳಿದವು ತಪ್ಪಿಸ್ಕೊಂಡಿರ್ತವೆ. ನಮ್ಮದು ಯಾವ ಗುಂಪಿಂದು ಅಂತ ನೋಡಿ ಹೇಳಾಕೆ ಆಗಲ್ಲ.”

ಮುರುಗೇಶಪ್ಪ ಬೆರಳು ಮಡಿಸಿ ಎಣಿಸಿದ. “ಅಂದ್ರೆ ಜಗಳೂರಿಗೆ ಇನ್ನೂ ತೊಂಬತ್ತೊಂಬತ್ತು ಸಲ ಹೋಗ್ಬೇಕು.”

“ಬಸ್ ಪಾಸ್ ಮಾಡಿಸಾಣ,” ಎಂದ ಜೊತೆಯಲ್ಲೇ ಬಂದಿದ್ದ ಗೋಣೆಪ್ಪ.

“ಯಾರೂ ಎಲ್ಲೂ ಹೋಗೋದು ಬ್ಯಾಡ. ನನಗೆ ಆ ಹುಡುಗ ಒಪ್ಪಿಗೆ ಐತೆ.”

“ನಿಂದು ಒಂದೇ ಅಗುಳಮ್ಮ,” ಎಂದು ಮುರುಗೇಶಪ್ಪ ಮರುಕದಿಂದ ಹೇಳಿದ. “ನೀನೇ ಹೇಳಿಕೊಟ್ಟದ್ದು.”

ಆಚೆ ಕಾಂಪೌಂಡಿನಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದ ಚೌಡಕ್ಕ ಇಷ್ಟನ್ನೂ ಕೇಳಿಸಿಕೊಂಡಳು. ಅರ್ಧ ಗಂಟೆಯಲ್ಲಿ ಜಗಳೂರಿನ ಗಂಡು ಇಪ್ಪತ್ತಮೂರು ತೆಗೆದು ಫೇಲಾದ ಸುದ್ದಿ ಬೀದಿಯ ಕೊನೆ ಮುಟ್ಟಿತು. ಯಾವ ವಿಷಯದಲ್ಲಿ ಫೇಲು ಎಂದು ಯಾರೂ ಕೇಳಲಿಲ್ಲ. ಬೀದಿಯಲ್ಲಿ ಫೇಲಾದ ಮಕ್ಕಳಿಲ್ಲದ ಮನೆ ಇರಲಿಲ್ಲವಾದ್ದರಿಂದ ಎಲ್ಲರಿಗೂ ಕರುಣೆ ಬಂತು. “ಪಾಪ, ಒಂದು ಸಲ ಫೇಲಾದ್ರೆ ಜೀವನ ಮುಗೀತಾ? ಸಪ್ಲಿಮೆಂಟರಿ ಕಟ್ಟಿಸ್ರಿ,” ಎಂದು ಚೌಡಕ್ಕ ಬೀದಿಯ ಪರವಾಗಿ ಬಂದು ಹೇಳಿದಳು. ನೆರೆಹೊರೆಯ ಒತ್ತಾಯಕ್ಕೆ ಮಣಿದು ಮುರುಗೇಶಪ್ಪ ಒಂದೇ ಒಂದು ಪೂರಕ ಪರೀಕ್ಷೆಗೆ ಒಪ್ಪಿದ. ಅದರಲ್ಲೂ ಫೇಲಾದರೆ ಚನ್ನಗಿರಿಗೆ ಫೋನು ಖಂಡಿತ.

ಮುಂದಿನ ಭಾನುವಾರ ಜಗಳೂರು ಸಿದ್ಧವಾಗಿತ್ತು.

ಗೋಣೆಪ್ಪನಿಗೆ ಸೀಟಿ ಊದುವ ಪ್ರಮೇಯವೇ ಬರಲಿಲ್ಲ. ಬಸ್ಸಿನಿಂದ ಇಳಿದವರು ತಾವೇ ಸಾಲಾಗಿ ಬಂದು, ಏಳನೆಯವರಾಗಲು ಪೈಪೋಟಿ ಮಾಡಿದರು. ಮುರುಗೇಶಪ್ಪ ಪ್ರಶ್ನೆ ಮುಗಿಸುವ ಮೊದಲೇ “ಇಲ್ಲ” ಎನ್ನುತ್ತಿದ್ದರು. ಹಣ್ಣಿನ ಗಾಡಿಯವನು ಗಾಡಿಯನ್ನೇ ಬಿಟ್ಟು ಬಂದು ಇಲ್ಲ ಎಂದ. ಮೂಗನೊಬ್ಬ ಬಂದು ತಲೆಯನ್ನು ಎಡಕ್ಕೂ ಬಲಕ್ಕೂ ಅಷ್ಟು ಜೋರಾಗಿ ಆಡಿಸಿದನೆಂದರೆ ಅವನ ಟವೆಲ್ಲು ಹಾರಿ ಬಿತ್ತು. ನಾಟಿ ಔಷಧದವನು ದೂರದಲ್ಲಿ ಕಾಣಿಸಿದ. ನಾಲ್ವರು ಅವನ ಹೆಗಲ ಮೇಲೆ ಕೈಹಾಕಿ ಚಹಾ ಕುಡಿಸಲು ಕರೆದುಕೊಂಡು ಹೋದರು. ಸಂಜೆಯವರೆಗೂ ಅವನು ಚಹಾ ಕುಡಿಯುತ್ತಲೇ ಇದ್ದ.

ಡ್ಯೂಟಿಯಲ್ಲಿದ್ದ ಪೊಲೀಸಿನವನೊಬ್ಬ ಲಾಠಿ ಆಡಿಸುತ್ತಾ ಬಂದ. “ಪರ್ಮಿಶನ್ ಐತೇನ್ರಿ ಇದಕ್ಕೆ?”

“ನೀವು ಏಳನೆಯೋರು,” ಎಂದ ಗೋಣೆಪ್ಪ.

ಪೊಲೀಸಿನವನು ಸುತ್ತ ನೋಡಿದ. ಇಡೀ ನಿಲ್ದಾಣ ಅವನನ್ನೇ ದಿಟ್ಟಿಸುತ್ತಿತ್ತು. “ನಮ್ಮನೆ ಆಕಳು ಗಬ್ಬ ಐತೆ,” ಎಂದು ಅವನು ಸಣ್ಣ ದನಿಯಲ್ಲಿ ಹೇಳಿದ. “ಇಲ್ಲ ಅಂತ ಹಾಕ್ಕೊಳ್ರಿ.”

ನೂರಕ್ಕೆ ಸೊನ್ನೆ.

ಮುರುಗೇಶಪ್ಪ ಈಗ ಸೂತ್ರ ಕಲಿತಿದ್ದ. ವಾಪಸು ಬರುವ ಬಸ್ಸಿನಲ್ಲಿ ಸೊನ್ನೆಯನ್ನು ಅದರೊಳಗೆ ಹಾಕಿದ. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆಯೇ ಬಂತು, ಅದರ ವರ್ಗಮೂಲವೂ ಸೊನ್ನೆ. ಹೆಚ್ಚುಕಡಿಮೆ ಸೊನ್ನೆ. ಸೊನ್ನೆಯಿಂದ ಸೊನ್ನೆಯವರೆಗಿನ ಅಂತರ. ಜಗತ್ತಿನಲ್ಲಿ ಯಾವ ಮನುಷ್ಯನ ಬಗ್ಗೆಯೂ ಇಷ್ಟು ಖಚಿತವಾಗಿ ಏನೂ ಗೊತ್ತಾಗಿರಲಿಕ್ಕಿಲ್ಲ ಎಂದು ಅವನಿಗೆ ಮೈ ಜುಮ್ಮೆಂದಿತು.

“ಹಂಗೆ ಬಂದ್ರೆ ಆ ಸೂತ್ರ ಕೆಲಸಕ್ಕೆ ಬರಲ್ಲ ಅಪ್ಪಾಜಿ,” ಎಂದು ಮೇಘಶ್ರೀ ಮನೆಯ ಬಾಗಿಲಲ್ಲೇ ಹೇಳಿದಳು. “ನೂರರಾಗೆ ಒಬ್ಬನೂ ಹೌದು ಅನ್ನಲಿಲ್ಲ ಅಂದ್ರೆ ಅನುಮಾನ ಪಡಬೇಕಾದ್ದು ಹುಡುಗನ ಮ್ಯಾಲಲ್ಲ, ಪ್ರಶ್ನೆ ಮ್ಯಾಲೆ. ಸೂತ್ರ ಯಾರು ಕೈಗೆ ಸಿಕ್ರು ಅನ್ನೋ ಅದೃಷ್ಟದ ಹೆಚ್ಚುಕಡಿಮೆಗೆ ಮಾತ್ರ ಜವಾಬ್ದಾರಿ. ಸಿಕ್ಕೋರು ಸುಳ್ಳು ಹೇಳಿದ್ರೆ ಅದೇನು ಮಾಡುತ್ತೆ?”

“ನೂರು ಮಂದಿ ಸೇರಿ ಯಾಕಮ್ಮ ಸುಳ್ಳು ಹೇಳ್ತಾರೆ?”

“ಅನ್ನಕ್ಕೆ ಬಾಯಿಲ್ಲ, ಅದಕ್ಕೇ ನಿಜ ಹೇಳುತ್ತೆ,” ಎಂದಳು ಹೇಮಾವತಿ. “ಹಿಸುಕ್ತಾ ಅದಾರೆ ಅಂತ ಅಗುಳಿಗೆ ಗೊತ್ತಾಗಿಬಿಟ್ರೆ?”

ಸೋಮವಾರ ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ಮುರುಗೇಶಪ್ಪ, ಹೊಸ್ತಿಲ ಮೇಲೆ ನಿಂತು, ಚನ್ನಗಿರಿಯ ನಂಬರು ಒತ್ತಿದ. ಮೇಘಶ್ರೀ ನ್ಯಾಮತಿಯ ಬಸ್ಸಿಗೆ ಹೊರಟವಳು ಬ್ಯಾಗು ಹಿಡಿದು ಅಲ್ಲೇ ನಿಂತಳು. ಫೋನು ಆ ಕಡೆ ರಿಂಗಾಗುತ್ತಿತ್ತು.

ಅಷ್ಟರಲ್ಲಿ ಬೀದಿಯೊಳಗೆ ಒಂದು ಟೆಂಪೊ ನುಗ್ಗಿತು. ಅದರಲ್ಲಿ ಜಗಳೂರು ನಿಂತಿತ್ತು.

ಮೊದಲು ಇಳಿದವಳು ದುರುಗಮ್ಮ. ಗೋಣೆಪ್ಪ ಯಾರಿಗೋ ಕೊಟ್ಟಿದ್ದ ಅಂಗಡಿಯ ಕಾರ್ಡನ್ನು ಮುಂದೆ ಹಿಡಿದುಕೊಂಡು, ಬೋರ್ಡಿನ ಮೇಲಿನ ಪೈಪುಗಳ ಚಿತ್ರವನ್ನು ನೋಡಿ, “ಹೆಂಗೆ ವೇಷ ಹಾಕ್ಕೊಂಡು ಕೂತಾರೆ ನೋಡ್ರಿ,” ಎಂದು ಹಿಂದಿನವರಿಗೆ ಹೇಳಿದಳು. ಆಮೇಲೆ ಮುರುಗೇಶಪ್ಪನಿಗೆ ಕೈಮುಗಿದಳು.

“ಸಾಹೇಬ್ರೆ, ಎರಡು ಸಲ ಬಂದು ಕೇಳಿದ್ರಿ, ಎರಡು ಸಲಾನೂ ಹೇಳಿದ್ವಿ. ಮತ್ತೆ ಮರೆತೀರಿ ಅಂತ ಮನೀತನಕ ಬಂದೀವಿ. ಆ ಡಾಕ್ಟ್ರು ಬಾಳ ಕೆಟ್ಟೋನು.”

“ಗೊತ್ತಮ್ಮ. ಸೊನ್ನೆ,” ಎಂದ ಮುರುಗೇಶಪ್ಪ.

“ಆತ ಅಯೋಗ್ಯ.”

“ಹೌದು. ಬರ್ಕೊಂಡೀನಿ.”

“ಕೆಲಸಕ್ಕೆ ಬಾರದೋನು.”

“ಒಪ್ಪಿದೆ.”

“ಅದಕ್ಕೇ,” ಎಂದಳು ದುರುಗಮ್ಮ, “ಆತನ್ನ ಎಲ್ಲಿಗೂ ಕಳಿಸಬ್ಯಾಡ್ರಿ. ನಮಗೇ ಇರ್ಲಿ.”

ಫೋನಿನೊಳಗೆ ಚನ್ನಗಿರಿಯ ಚಿಕ್ಕಮ್ಮ “ಹಲೋ, ಹಲೋ” ಎನ್ನುತ್ತಿದ್ದಳು.

“ಕೆಟ್ಟೋನು ನಿಮಗ್ಯಾಕಮ್ಮ?”

“ನಮ್ಮ ಕರ್ಮ, ನಾವು ಅನುಭವಿಸ್ತೀವಿ. ಹಿಂದೆ ಒಬ್ಬ ಇದ್ದ, ಒಳ್ಳೆ ಡಾಕ್ಟ್ರು. ನಿಮ್ಮಂಗೇ ಎರಡು ಪೆನ್ನಿನೋರು ಬಂದು ಹೆಂಗದಾನೆ ಅಂತ ಕೇಳಿದ್ರು. ನಾವು ಬುದ್ಧಿ ಇಲ್ಲದೋರು, ಬಾಯಿ ತುಂಬ ಹೊಗಳಿದ್ವಿ. ಶಾಲು ಹೊದಿಸಿದ್ವಿ. ಇಂಥ ಒಳ್ಳೆಯೋನು ಇಲ್ಲಿ ಯಾಕೆ ಅಂತ ಅದೇ ವಾರ ದೊಡ್ಡ ಊರಿಗೆ ಎತ್ಕೊಂಡು ಹೋದ್ರು. ನನ್ನ ಎಮ್ಮೆ ಕರು ಹಾಕೋ ಹೊತ್ತಿಗೆ ಡಾಕ್ಟ್ರು ಇರ್ಲಿಲ್ಲ. ಅವತ್ತೇ ಊರೆಲ್ಲ ಆಣೆ ಮಾಡಿದ್ವಿ. ಇನ್ನು ಮ್ಯಾಲೆ ಒಳ್ಳೆಯೋನು ಬಂದ್ರೆ, ಬಾಯಿ ಬಿಡಬಾರದು.”

ಟೆಂಪೊದಲ್ಲಿದ್ದವರೆಲ್ಲ ತಲೆಯಾಡಿಸಿದರು. ಹಿಂದಿನಿಂದ ಒಬ್ಬ ನುಗ್ಗಿ ಬಂದು, “ನನ್ನ ಗುಂಡಿ ಕೊಡ್ರಿ,” ಎಂದ. ಎದೆಯ ಬಳಿ ಅವನ ಅಂಗಿಗೆ ಸೇಫ್ಟಿಪಿನ್ ಹಾಕಿತ್ತು. ಮುರುಗೇಶಪ್ಪ ಜೇಬಿಗೆ ಕೈಹಾಕಿ ಗುಂಡಿ ಕೊಟ್ಟ.

“ನಾನು ಆಫೀಸರ್ ಅಲ್ಲಮ್ಮ,” ಎಂದು ಕೊನೆಗೆ ಹೇಳಿದ. “ಹುಡುಗಿ ಅಪ್ಪ. ಆ ಹುಡುಗನಿಗೆ ನನ್ನ ಮಗಳನ್ನ ಕೊಡಾಣ ಅಂತ ವಿಚಾರಿಸಾಕೆ ಬಂದಿದ್ದೆ.”

ಜಗಳೂರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮದುವೆಯ ವಿಷಯ. ಒಂದು ಕ್ಷಣ ಸಹ ತಡವಾಗಲಿಲ್ಲ.

“ಬಂಗಾರದಂಥ ಹುಡುಗ,” ಎಂದಿತು ಇಡೀ ಟೆಂಪೊ.

ನಾಟಿ ಔಷಧದವನೂ ಅದರಲ್ಲಿದ್ದ. ಅವನನ್ನು ಕಾಯಲು ಯಾರೂ ಊರಲ್ಲಿ ಉಳಿಯದ ಕಾರಣ ಜೊತೆಯಲ್ಲೇ ತಂದಿದ್ದರು. ಮದುವೆಯಾದರೆ ಡಾಕ್ಟರು ಹೆಂಡತಿಯ ಊರಿಗೆ ವರ್ಗ ಮಾಡಿಸಿಕೊಳ್ಳಬಹುದೆಂಬ ಆಸೆಯಿಂದ ಅವನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದ.

ಮುರುಗೇಶಪ್ಪ ಹೊಸ್ತಿಲ ಮೇಲೆ ಕೂತ. ಭಾನುವಾರ ಸೊನ್ನೆ, ಸೋಮವಾರ ನೂರು. ಯಾರ ಅಭಿಪ್ರಾಯವೂ ನಡುವೆ ಬದಲಾಗಿರಲಿಲ್ಲ. “ಈಗ ಅಂತರ ಎಷ್ಟಮ್ಮ?” ಎಂದು ಮಗಳನ್ನು ಕೇಳಿದ.

ಮೇಘಶ್ರೀ ಬ್ಯಾಗು ಕೆಳಗಿಟ್ಟು ಅಪ್ಪನ ಪಕ್ಕದಲ್ಲೇ ಕೂತಳು. ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. “ಸೊನ್ನೆಯಿಂದ ನೂರು ಅಪ್ಪಾಜಿ. ಇದರೊಳಗೆ ಹುಡುಗ ಖಂಡಿತ ಅದಾನೆ. ನೂರಕ್ಕೆ ನೂರು ವಿಶ್ವಾಸ.”

ಆ ಹೊತ್ತಿಗೆ ಮೋಟಾರ್ ಬೈಕೊಂದು ಬಂದು ನಿಂತಿತು. ತನ್ನನ್ನು ಬೈಯಲು ಊರಿಗೆ ಊರೇ ಟೆಂಪೊ ಮಾಡಿಕೊಂಡು ಹೋಗಿದೆ ಎಂದು ತಿಳಿದು ಸತೀಶ್ ಕುಮಾರ್ ಹಿಂದೆಯೇ ಹೊರಟಿದ್ದ. ಕಾಲಿಗೆ ಗಮ್ ಬೂಟು ಹಾಗೇ ಇತ್ತು. ಚೌಡಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿ, “ಇವನೇ ಏನು ಇಪ್ಪತ್ಮೂರು?” ಎಂದು ಹೇಮಾವತಿಯನ್ನು ಕೇಳಿದಳು. ಹೇಮಾವತಿ ಉಪ್ಪಿಟ್ಟಿಗೆ ರವೆ ಸಾಲದೆಂದು ಲೆಕ್ಕ ಹಾಕುತ್ತಾ ಒಳಗೆ ಹೋದಳು.

ಮುರುಗೇಶಪ್ಪ ಎದ್ದ. ಮನುಷ್ಯ ತಪ್ಪು ಮಾಡಬಹುದು, ಆದರೆ ನ್ಯಾಯ ಬಿಡಬಾರದು. ತಾನು ಒಂದು ಕಡೆಯ ವಿಚಾರಣೆ ಮಾಡಿದ್ದಾಗಿದೆ, ಇನ್ನೊಂದು ಕಡೆಯದೂ ಆಗಬೇಕು ಎಂದು ಅವನಿಗೆ ಆ ಸ್ಥಿತಿಯಲ್ಲೂ ಹೊಳೆಯಿತು. ಒಳಗೆ ಹೋಗಿ ಪ್ಯಾಡು ತಂದ. ಹೊಸ ಹಾಳೆ ಸಿಕ್ಕಿಸಿದ. ತನ್ನ ಜೇಬಿನಿಂದ ಎರಡನೆಯ ಪೆನ್ನು ತೆಗೆದು ಅದರ ಮೇಲಿಟ್ಟು, ಎರಡೂ ಕೈಯಲ್ಲಿ ಹುಡುಗನ ಮುಂದೆ ಹಿಡಿದ.

“ನಿಮ್ಮ ಬಗ್ಗೆ ನಾನು ಕೇಳಿದಂಗೆ, ನಮ್ಮ ಹುಡುಗಿ ಬಗ್ಗೆ ನೀವೂ ಕೇಳ್ರಿ. ಹೊನ್ನಾಳಿ ಬಸ್ ಸ್ಟ್ಯಾಂಡ್ನಾಗೆ ನೂರು ಮಂದಿ. ಏಳನೆಯೋರನ್ನ ಗೋಣೆಪ್ಪ ಹಿಡಿದುಕೊಡ್ತಾನೆ. ಬಂದ ಅಂಕಿ ಎಷ್ಟಾದ್ರೂ ನನಗೆ ಬೇಜಾರಿಲ್ಲ.”

ಗೋಣೆಪ್ಪ ಸೀಟಿಯನ್ನು ಅಂಗಿಗೆ ಒರೆಸಿಕೊಂಡ. ಚೌಡಕ್ಕ ಗಂಟಲು ಸರಿಮಾಡಿಕೊಂಡು ಸಾಲಿನಲ್ಲಿ ಮೊದಲಿಗಳಾಗಿ ನಿಂತಳು. ಅವಳ ಹಿಂದೆ ಬೀದಿಯ ಆರೇಳು ಮಂದಿ ಆಗಲೇ ನಿಂತಾಗಿತ್ತು. ಹುಡುಗಿಯನ್ನು ಕಂಡೇ ಇರದ ದುರುಗಮ್ಮನೂ ಸೆರಗು ಸರಿಮಾಡಿಕೊಂಡು ಸಾಲು ಸೇರಿದಳು.

ಸತೀಶ್ ಕುಮಾರ್ ಪ್ಯಾಡು ನೋಡಿದ. ಸಾಲು ನೋಡಿದ. ಹೊಸ್ತಿಲ ಮೇಲೆ ಕೂತಿದ್ದ ಮೇಘಶ್ರೀಯನ್ನು ನೋಡಿದ. ಆಮೇಲೆ ಗಮ್ ಬೂಟಿನ ಒಂದು ಹೆಜ್ಜೆಯಷ್ಟು ಪಕ್ಕಕ್ಕೆ ಸರಿದ.

“ಬ್ಯಾಡ್ರಿ, ಮಾವ,” ಎಂದ.